ಬಾಗಿಲು ತೆಗೆದ ದಿನ

ನಮ್ಮ ತುಮಕೂರಿನ ಮನೆಗೆ ನಾಲ್ಕು ಬಾಗಿಲು, ಐದು ಕಿಟಕಿ. ಮದುವೆಯಾಗಿ ಗುಬ್ಬಿಯಿಂದ ಬಂದ ಮೊದಲ ವರ್ಷದಲ್ಲೇ ಯಾವ ಬಾಗಿಲು ಯಾವ ತಿಂಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ನನಗೆ ತಿಳಿದುಹೋಗಿತ್ತು. ಮುಂಬಾಗಿಲು ಹಲಸಿನ ಮರದ್ದು. ಭಾರ ಹೆಚ್ಚು, ಎರಡು ಕೈ ಕೇಳುತ್ತದೆ, ಆದರೆ ಎಂದೂ ಕಚ್ಚಿಕೊಳ್ಳುವುದಿಲ್ಲ. ಅಡುಗೆಮನೆಯದು ಮಳೆ ಹಿಡಿದ ಕೂಡಲೇ ಉಬ್ಬಿ, ಪಕ್ಕದ ಮನೆಯವರು ದೀಪಾವಳಿ ಪಟಾಕಿ ಹಚ್ಚುವ ಹೊತ್ತಿಗೆ ತಾನೇ ಸರಿಹೋಗುತ್ತದೆ. ನಡುಮನೆಯದಕ್ಕೆ ಚಿಲಕ ಇದ್ದರೂ ಯಾರೂ ಹಾಕುವುದಿಲ್ಲ. ನಾಲ್ಕನೆಯದು ಹಿಂಬಾಗಿಲು. ಅದನ್ನು ದಾಟಿದರೆ ಹಿತ್ತಿಲು, ಸೀಬೆಮರ, ನೀರಿನ ತೊಟ್ಟಿ, ನಲ್ಲಿ. ನಾನು ಹೇಳಹೊರಟಿರುವುದು ಈ ನಾಲ್ಕನೆಯದರ ಮಾತು.

ಆ ಬಾಗಿಲಿನ ನಿಜವಾದ ಒಡತಿ ನನ್ನ ಅತ್ತೆ. ಬೆಳಗಿನ ಅಜಾನ್ ಕೇಳುವುದಕ್ಕೆ ಹತ್ತು ನಿಮಿಷ ಮೊದಲೇ ಎದ್ದು, ಹಿಂಬಾಗಿಲು ತೆಗೆದು, ನಲ್ಲಿಯ ಕೆಳಗೆ ಕೈ ಬಾಯಿ ಮುಖ ಕಾಲು ತೊಳೆದು ವುಜೂ ಮಾಡಿಕೊಂಡು, ಒಳಗೆ ಬಂದು ನಮಾಜಿಗೆ ನಿಲ್ಲುವುದು ಅವರ ನಲವತ್ತು ವರ್ಷದ ಅಭ್ಯಾಸ. ಯಾರನ್ನೂ ಎಬ್ಬಿಸದೆ ಎದ್ದು ಹೋಗಿಬರುವುದು ಅವರಿಗೆ ದೊಡ್ಡ ಹೆಮ್ಮೆ. 'ನನ್ನ ಬೆಳಗಿನ ಕೆಲಸಕ್ಕೆ ನಾನು ಯಾರ್ ನಿದ್ದೇನೂ ಕೇಳಿಲ್ಲ' ಎಂದು ಬಂದ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಮನೆಯೊಳಗೆ ನಾವು ಆಡುವುದು ಉರ್ದು, ಹೊಸ್ತಿಲಿನಾಚೆ ಕನ್ನಡ. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅಷ್ಟೇ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಹಿಂಬಾಗಿಲು ಎಂದಿಗಿಂತ ಹೆಚ್ಚಾಗಿ ಕಚ್ಚಿಕೊಳ್ಳತೊಡಗಿತು. ಅದೇ ಹೊತ್ತಿಗೆ ಅತ್ತೆಯ ಕೈಬೆರಳ ಗಂಟುಗಳು ಊದಿ ಬೆರಳುಗಳು ಒಂದು ಕಡೆಗೆ ವಾಲಿದ್ದವು. ಮೊದಲ ದಿನ ಅವರು ಬಾಗಿಲನ್ನು ಎಳೆದರು, ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಮೂರನೆಯ ದಿನ ನಾನೇ ಸದ್ದಿಗೆ ಎದ್ದು ಹೋಗಿ, ಒಂದು ಕಾಲನ್ನು ಗೋಡೆಗೆ ಕೊಟ್ಟು ಜಗ್ಗಿ ತೆಗೆದೆ. ಅತ್ತೆ ನನ್ನ ಮುಖ ನೋಡದೆ ಹೊರಗೆ ಹೋದರು. ಅಂದಿನಿಂದ ದಿನಾ ಬೆಳಗ್ಗೆ ನನ್ನ ಕೋಣೆಯ ಮುಂದೆ ಬಂದು ಒಂದು ಸಲ ಕೆಮ್ಮುತ್ತಿದ್ದರು. ಕರೆಯುತ್ತಿರಲಿಲ್ಲ. ಕೆಮ್ಮು ಮಾತ್ರ.

ನನ್ನ ಗಂಡನಿಗೆ ಪೇಟೆಯಲ್ಲಿ ಸೈಕಲ್ ಸಾಮಾನಿನ ಅಂಗಡಿ. ಕೆಟ್ಟದ್ದನ್ನು ಬಿಚ್ಚಿ ಹೊಸದು ಹಾಕುವುದೇ ಅವರ ದಿನದ ಕೆಲಸ. ಅವರು ಒಂದೇ ಮಾತಿಗೆ, 'ಎಲ್ಲಾ ಬಾಗ್ಲು ಕಿಟ್ಕಿ ಒಂದೇ ಸಲ ಚೇಂಜ್ ಮಾಡ್ಸಿಬಿಡೋಣ. ಕುಣಿಗಲ್ಲಲ್ಲಿ ತಂಗಿ ಮನೇಲಿ ಮಾಡ್ಸಿಲ್ವಾ? ರೆಡಿಮೇಡು. ಒಂದು ದಿನದ ಕೆಲ್ಸ' ಎಂದರು.

'ಮಳೆಗಾಲ ಮುಗೀಲಿ' ಎಂದೆ ನಾನು.

'ಮಳೆಗಾಲಕ್ಕೂ ಬಾಗ್ಲಿಗೂ ಏನು?'

'ಮಳೇಲಿ ಎಲ್ಲಾ ಬಾಗ್ಲೂ ಕೆಟ್ಟಂಗೇ ಕಾಣ್ಸತ್ತೆ. ಬಿಸ್ಲಲ್ಲೂ ಕಚ್ಚಿದ್ರೆ ಆಗ ಅದು ಕೆಟ್ಟಿದೆ ಅಂತ.'

ಇದು ನಾನು ಯಾರಿಂದಲೋ ಕಲಿತದ್ದಲ್ಲ, ನೋಡಿ ನೋಡಿ ತಿಳಿದದ್ದು. ಅಡುಗೆಮನೆಯ ಗೋಡೆಯಲ್ಲಿ ಅಕ್ಕಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇರುತ್ತಿತ್ತು. ಹಾಲು ಬಾರದ ದಿನ, ಗ್ಯಾಸ್ ಬಂದ ದಿನ, ನೀರು ಬಿಟ್ಟ ದಿನ ಎಲ್ಲ ಅದರ ಚೌಕಗಳಲ್ಲಿ ಬರೆಯುವುದು ನನ್ನ ಅಭ್ಯಾಸ. ಅದರ ಜೊತೆಗೆ 'ಅ.ಬಾ. ಬಿಗಿ', 'ಹಿಂ.ಬಾ. ಬಿಗಿ' ಅಂತಲೂ ಗುರುತು ಹಾಕುತ್ತಿದ್ದೆ. ವರ್ಷ ಮುಗಿದ ಕ್ಯಾಲೆಂಡರನ್ನು ಎಸೆಯದೆ ಟ್ರಂಕಿನಲ್ಲಿ ಇಡುತ್ತಿದ್ದೆ. ಕಿಟಕಿಗಳ ಪರೀಕ್ಷೆಗೆ ಬೇರೆ ದಾರಿ ಇತ್ತು. ಗುರುವಾರ ಸಂಜೆ ಮನೆಯಲ್ಲಿ ಲೋಬಾನದ ಹೊಗೆ ಹಾಕುವಾಗ ಕಿಟಕಿಗಳನ್ನೆಲ್ಲ ಮುಚ್ಚಿ ಅಂಗಳದಲ್ಲಿ ಹೋಗಿ ನಿಲ್ಲುತ್ತಿದ್ದೆ. ಯಾವ ಕಿಟಕಿಯ ಸಂದಿನಿಂದ ಹೊಗೆ ಬಳ್ಳಿಯಂತೆ ಹೊರಗೆ ಬರುತ್ತದೋ ಅದರಿಂದ ಮಳೆ ಒಳಗೆ ಬರುತ್ತದೆ. ಐದರಲ್ಲಿ ಎರಡಕ್ಕೆ ಹೀಗೆ ಆಗುತ್ತಿತ್ತು. ಉಳಿದ ಮೂರು ಗಟ್ಟಿಯಾಗಿದ್ದವು. ಮರ ಕೊಳೆತಿದೆಯೋ ಇಲ್ಲವೋ ಎನ್ನುವುದಕ್ಕೆ ಬುರ್ಖಾದ ಪಿನ್ನು ಸಾಕು. ಗಟ್ಟಿ ಮರ ಪಿನ್ನನ್ನು ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಹಿಂಬಾಗಿಲಿಗೆ ನನ್ನ ಎದೆಮಟ್ಟದಲ್ಲಿ ನಾಲ್ಕು ಕಡೆ ಪಿನ್ನು ಒತ್ತಿ ನೋಡಿದ್ದೆ. ಒಂದು ಕಡೆಯೂ ಇಳಿಯಲಿಲ್ಲ. ಹಾಗಾಗಿ ನನಗೆ ಧೈರ್ಯ. ಬಾಗಿಲು ಚೆನ್ನಾಗಿದೆ, ಮಳೆಗೆ ಉಬ್ಬಿದೆ, ಬೇಸಿಗೆಗೆ ಇಳಿಯುತ್ತದೆ.

ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. 'ನಿನ್ನ ಬೇಸಿಗೆ ಬರೋವರ್ಗೂ ನಾನು ಕೆಮ್ತಾ ಇರ್ಬೇಕಾ?' ಎಂದರು. ಆಮೇಲೆ ತಾವೇ ನಕ್ಕರು. ನಗುವಿನ ಹಿಂದೆ ಇದ್ದದ್ದು ನನಗೆ ಗೊತ್ತಿತ್ತು.

ಆ ವಾರವೇ ನನ್ನನ್ನೂ ಅತ್ತೆಯನ್ನೂ ಗಂಡ ಕುಣಿಗಲ್ಲಿಗೆ ಕಳಿಸಿದರು, ಹೊಸ ಬಾಗಿಲು ನೋಡಿಕೊಂಡು ಬರಲಿ ಎಂದು. ನಾದಿನಿಯ ಮನೆ ಕೆರೆಗೆ ಹೋಗುವ ರಸ್ತೆಯಲ್ಲಿ. ಬಾಗಿಲುಗಳು ನಿಜಕ್ಕೂ ಚೆಂದವಾಗಿದ್ದವು. ಕನ್ನಡಿಯ ಹಾಗೆ ನುಣುಪು, ಒಂದು ಬೆರಳಿಗೆ ತೆರೆದುಕೊಳ್ಳುತ್ತವೆ. ಅತ್ತೆ ಒಂದೊಂದು ಬಾಗಿಲನ್ನೂ ವಾಲಿದ ಬೆರಳಿನಿಂದ ತಳ್ಳಿ, ಎಳೆದು, ಮತ್ತೆ ತಳ್ಳಿ ನೋಡಿದರು. ಮಗುವಿಗೆ ಆಟದ ಸಾಮಾನು ಸಿಕ್ಕ ಹಾಗೆ. ನಾನು ಬಚ್ಚಲಮನೆಗೆ ಹೋದೆ. ಬಚ್ಚಲ ಬಾಗಿಲಿನ ಮುಂದೆ ಒಂದು ದಪ್ಪ ಮ್ಯಾಟು, ಬಾಗಿಲಿಗೇ ಒರಗಿಸಿ ನಿಲ್ಲಿಸಿದ್ದು. ಕಾಲೊರೆಸುವ ಮ್ಯಾಟನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ಸರಿಸಿ ನೋಡಿದೆ. ಬಾಗಿಲಿನ ಬುಡ ಪರೋಟದ ಹಾಗೆ ಪದರ ಪದರ ಬಿಚ್ಚಿಕೊಂಡಿತ್ತು.

ಹಿಂದೆಯೇ ಬಂದ ನಾದಿನಿ ನನ್ನ ರಟ್ಟೆ ಹಿಡಿದಳು. 'ಅಣ್ಣಂಗೆ ಹೇಳ್ಬೇಡ ಕಣೇ. ನಮ್ಮನೆಯವ್ರು ಊರೆಲ್ಲಾ ಹೇಳ್ಕಂಡು ಬಂದವ್ರೆ, ಫಸ್ಟ್‌ಕ್ಲಾಸು ಬಾಗ್ಲು ಅಂತ.'

'ಎಷ್ಟು ದಿನ ಆಯ್ತು ಹಾಕ್ಸಿ?'

'ವರ್ಷ ಆಗಿಲ್ಲ. ರೂಮಿಂದೆಲ್ಲಾ ಚೆನ್ನಾಗೇ ಅವೆ. ನೀರು ಬೀಳೋ ಕಡೆ ಮಾತ್ರ ಹಿಂಗೆ.'

ಹೇಳಲಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ನನ್ನ ನಿರ್ಧಾರ ಇನ್ನೂ ಗಟ್ಟಿಯಾಯಿತು. ಬೇಸಿಗೆವರೆಗೆ ಕಾಯುವುದೇ ಸರಿ.

ಅದಾದ ಎರಡು ವಾರಕ್ಕೆ ಒಂದು ಬೆಳಗ್ಗೆ ಕೆಮ್ಮು ಕೇಳಲಿಲ್ಲ. ಎಚ್ಚರವಾಗಿ ಹೊರಗೆ ಬಂದರೆ ಅತ್ತೆ ಆಗಲೇ ಜಾನಮಾಜ್ ಹಾಸಿ ನಮಾಜಿಗೆ ನಿಂತಿದ್ದರು. ಹಿಂಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ಹಿತ್ತಿಲ ಚಪ್ಪಲಿ ಒಣಗಿತ್ತು. ಅಡುಗೆಮನೆಯ ನೆಲ ಮಾತ್ರ ಒದ್ದೆ. ಕುಡಿಯುವ ನೀರಿನ ಬಿಂದಿಗೆಯಿಂದ ಲೋಟದಲ್ಲಿ ಬಗ್ಗಿಸಿಕೊಂಡು, ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತು ವುಜೂ ಮಾಡಿಕೊಂಡಿದ್ದರು. ಕೇಳಿದ್ದಕ್ಕೆ, 'ಲೋಟ ಕೈ ಜಾರಿ ನೀರು ಚೆಲ್ತು ಬೇಟಿ, ಅಷ್ಟೇ' ಎಂದರು. ಹಾಗೆ ಚೆಲ್ಲಿದ ನೀರು ಕಲ್ಲಿನ ಮೇಲೆ ಎರಡು ಪಾದದ ಗುರುತು ಬಿಡುವುದಿಲ್ಲ. ನಾನು ನೆಲ ಒರೆಸಿದೆ. ನನ್ನ ಕಾಯುವಿಕೆಯ ಬೆಲೆಯನ್ನು ಅವರು ಕೊಡುತ್ತಿದ್ದರು. ಅದು ಅಂದು ಚೆನ್ನಾಗಿ ಅರ್ಥವಾಯಿತು. ಆದರೂ ಪಿನ್ನು ಇಳಿದಿರಲಿಲ್ಲವಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ.

ಮುಂದಿನ ವಾರ ತಾಯಿಯನ್ನು ನೋಡಲು ಗುಬ್ಬಿಗೆ ಹೋದಾಗ ನಮ್ಮ ಹಳೆಯ ಆಚಾರಿಯ ಕೊಟ್ಟಿಗೆಗೂ ಹೋದೆ. ನನ್ನ ತೌರುಮನೆಯ ತೊಟ್ಟಿಲಿನಿಂದ ಹಿಡಿದು ಮಂಚದವರೆಗೆ ಎಲ್ಲ ಮಾಡಿದವರು ಅವರೇ. ಬಾಯಲ್ಲಿ ಎಲೆಯಡಿಕೆ, ಕಿವಿಯ ಮೇಲೆ ಪೆನ್ಸಿಲ್ಲು.

'ಏನವ್ವಾ, ತುಮ್ಕೂರ್ನೋರು ಗುಬ್ಬಿ ಆಚಾರಿನ ಮರೀಲಿಲ್ವಾ ಇನ್ನೂ?' ಎಂದರು.

'ಸೋಮ್ವಾರ ಬಂದು ಎರಡು ಕಿಟ್ಕಿ ಅಳ್ತೆ ತಗೊಳ್ಳಿ. ಹಿಂದ್ಗಡೆ ಬಾಗ್ಲು ಕಚ್ತಾ ಇದೆ, ಅದನ್ನ ಬೇಸಿಗೇಲಿ ನೋಡೋಣ.'

'ಬತ್ತೀನಿ ಬುಡು.'

ಸೋಮವಾರದ ಹೊತ್ತಿಗೆ ವಾಪಸು ಬರುತ್ತೇನೆಂದುಕೊಂಡಿದ್ದೆ. ತಾಯಿಗೆ ಜ್ವರ ಬಂದು ಬೆಳಗಿನ ಬಸ್ಸು ತಪ್ಪಿತು. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ನಮ್ಮ ಗಲ್ಲಿ ತಿರುಗುತ್ತಿದ್ದಂತೆಯೇ ಅತ್ತೆಯ ದನಿ ಕೇಳಿಸಿತು. ಅಷ್ಟು ಜೋರಾಗಿ ಅವರು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ಅದೂ ಕನ್ನಡದಲ್ಲಿ.

ಒಳಗೆ ಬಂದೆ. ನಡುಮನೆಯಿಂದ ನೇರವಾಗಿ ಸೀಬೆಮರ ಕಾಣಿಸಿತು. ಅಲ್ಲಿಂದ ಸೀಬೆಮರ ಎಂದೂ ಕಾಣುತ್ತಿರಲಿಲ್ಲ. ಹಿಂಬಾಗಿಲು ಇರುವ ಜಾಗದಲ್ಲಿ ಬರೀ ಚೌಕಟ್ಟು, ಅದರ ಆಚೆ ಹಿತ್ತಿಲ ಸಿಮೆಂಟ್ ನೆಲದ ಮೇಲೆ ಎರಡು ಇಟ್ಟಿಗೆಗಳಿಗೆ ಒರಗಿ ಮಲಗಿದ ಬಾಗಿಲು. ಅತ್ತೆ ಈಚೆ ನಿಂತಿದ್ದರು, ಆಚಾರಿ ಆಚೆ.

'ತೆಗೀರಿ ಅಂದೆ ಆಚಾರ್ರೇ! ಕೀಳಿ ಅಂದ್ನಾ?'

'ಬೂಬಮ್ನೋರೇ, ಆಚಾರಿಗೆ ಬಾಗ್ಲು ತೆಗಿ ಅಂದ್ರೆ ಇನ್ನೇನು? ಬಾಗ್ಲು ತೆರ್ಯೋಕೆ ಯಾರಾದ್ರೂ ಗುಬ್ಬಿಯಿಂದ ಆಳು ಕರುಸ್ತಾರಾ?'

'ಅದು ಬಿಗಿಯಾಗಿತ್ತು! ಒಳ್ಗೆ ಗಾಳಿ ಬರ್ಲಿ ಅಂತ ತೆಗ್ಸಿದೆ! ಟೀ ಮಾಡ್ಕೊಂಡು ಬರೋಷ್ಟ್ರಲ್ಲಿ ನೆಲದ್ ಮೇಲೆ ಮಲ್ಗ್ಸಿದೀರ!'

'ಐದು ನಿಮಿಷದ ಕೆಲ್ಸ. ತಿರುಪೆಲ್ಲಾ ತುಕ್ಕು ಹಿಡ್ದು ತಾವೇ ಬಂದ್ವು.'

'ಈಗ ಹಾಕಿ!'

ಆಚಾರಿ ಕಿವಿಯ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. 'ಯಾವ ಹಾಕೋದು ಅಂತ ಮೊದ್ಲೇ ಹೇಳ್ಬುಡಿ. ಮತ್ತೆ ಮುಚ್ಚೋದಾ, ಕೂರ್ಸೋದಾ?'

ನಾನು ಬ್ಯಾಗು ಕೆಳಗಿಟ್ಟು ನಗಲು ಶುರು ಮಾಡಿದೆ. ನಮ್ಮ ಉರ್ದುವಿನಲ್ಲಿ ಬಾಗಿಲು ತೆರೆಯುವುದಕ್ಕೆ ಒಂದು ಮಾತು, ಕಿತ್ತು ತೆಗೆಯುವುದಕ್ಕೆ ಇನ್ನೊಂದು ಮಾತು. ಕನ್ನಡದಲ್ಲಿ ಎರಡಕ್ಕೂ 'ತೆಗಿ'. ಮುಚ್ಚುವುದಕ್ಕೂ ಕೂರಿಸುವುದಕ್ಕೂ 'ಹಾಕು'. ಅತ್ತೆಯ ಕನ್ನಡದಲ್ಲಿ ತಪ್ಪಿರಲಿಲ್ಲ. ಆಚಾರಿಯ ಕನ್ನಡದಲ್ಲೂ ತಪ್ಪಿರಲಿಲ್ಲ. ನಡುವೆ ಬಾಗಿಲು ಮಾತ್ರ ಬಿದ್ದಿತ್ತು.

'ನಗ್ಬೇಡ' ಎಂದರು ಅತ್ತೆ. 'ನೀನು ಬೇಸಿಗೆ ಬೇಸಿಗೆ ಅಂದಿದ್ದಕ್ಕೇ ಇದೆಲ್ಲ.'

ಆಚಾರಿ ಅಷ್ಟರಲ್ಲಿ ಬಾಗಿಲಿನ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಉಳಿಯ ತುದಿಯಿಂದ ಕೆಳಗಿನ ಅಡ್ಡಪಟ್ಟಿಯನ್ನು ಮೆಲ್ಲಗೆ ಒತ್ತಿದರು. ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. 'ಇಲ್ ಬಾರವ್ವಾ' ಎಂದು ನನ್ನನ್ನು ಕರೆದರು.

ಬಾಗಿಲಿನ ಕಾಲಡಿಯನ್ನು ನಾನು ನೋಡಿದ್ದು ಅದೇ ಮೊದಲು. ನಿಂತ ಬಾಗಿಲಿನ ಬುಡ ಯಾರಿಗೆ ತಾನೇ ಕಾಣುತ್ತದೆ? ಮೇಲೆಲ್ಲ ಗಟ್ಟಿ ಮರ, ಎಣ್ಣೆ ಬಣ್ಣ. ಕೆಳಗೆ ಒಂದು ಗೇಣು ಕಪ್ಪಗೆ, ಒದ್ದೆಯಾಗಿ, ಸ್ಪಂಜಿನಂತೆ. ನನ್ನ ಪಿನ್ನಿನ ನಾಲ್ಕು ಗುರುತುಗಳು ಎದೆಮಟ್ಟದಲ್ಲಿ ಸಾಲಾಗಿ ಕಾಣುತ್ತಿದ್ದವು. ನಾನು ನಿಂತೇ ಪರೀಕ್ಷೆ ಮಾಡಿದ್ದೆ, ಬಗ್ಗಿರಲಿಲ್ಲ.

'ಇದು ಮಳೆಗೆ ಉಬ್ಬಿದ್ದಲ್ಲ' ಎಂದರು ಆಚಾರಿ. 'ದಿನಾ ನೀರು ಕುಡೀತಾ ಐತೆ. ಎಲ್ಲಿಂದ ಅಂತ ನೋಡು.'

ನೋಡಿದೆ. ನಲ್ಲಿಯ ಕೆಳಗೆ ಒಂದು ಚೊಂಬು ನೀರು ಸುರಿದೆ. ನೀರು ಸೀಬೆಮರದ ಕಡೆಗೆ ಹೋಗಬೇಕಿತ್ತು. ಒಂದು ಕ್ಷಣ ನಿಂತು ಯೋಚನೆ ಮಾಡಿದ ಹಾಗೆ ಮಾಡಿ, ತಿರುಗಿ, ಹೊಸ್ತಿಲಿನ ಕಡೆಗೆ ಹರಿದು ಬಂತು.

ಟ್ರಂಕು ತೆಗೆದು ಹಿಂದಿನ ವರ್ಷದ ಕ್ಯಾಲೆಂಡರ್ ಬಿಡಿಸಿದೆ. ಎಲ್ಲಾ ನನ್ನ ಕೈಬರಹದಲ್ಲೇ ಇತ್ತು. ಚಳಿಗಾಲದ ಒಂದು ಚೌಕದಲ್ಲಿ 'ಹಿತ್ತಿಲಿಗೆ ಸಿಮೆಂಟು'. ಮಣ್ಣಿನ ಹಿತ್ತಿಲು ಕೆಸರಾಗುತ್ತದೆ, ಅಮ್ಮ ಜಾರುತ್ತಾರೆ ಎಂದು ನಮ್ಮವರು ಹಾಕಿಸಿದ್ದು. ಅದಾದ ಎರಡು ತಿಂಗಳಿಗೆ, ಬಿರುಬೇಸಿಗೆಯ ಚೌಕದಲ್ಲಿ, ಒಂದೇ ಒಂದು ಸಲ: 'ಹಿಂ.ಬಾ. ಬಿಗಿ'. ಬಿಸಿಲಲ್ಲಿ ಕಚ್ಚಿದರೆ ಕೆಟ್ಟಿದೆ ಎಂದು ಊರಿಗೆಲ್ಲ ಹೇಳಿದವಳು ನಾನೇ. ಬಿಸಿಲಲ್ಲಿ ಕಚ್ಚಿದ್ದನ್ನು ಬರೆದಿಟ್ಟವಳೂ ನಾನೇ. ಓದಿಕೊಂಡಿರಲಿಲ್ಲ. ಮೊದಲು ನೀರನ್ನು ಮಣ್ಣು ಕುಡಿಯುತ್ತಿತ್ತು. ಆಮೇಲೆ ಬಾಗಿಲು ಕುಡಿಯತೊಡಗಿತು.

ಅತ್ತೆಯ ಎದುರು ಹೋಗಿ ಹೇಳಿದೆ. 'ಅಮ್ಮೀ, ನನ್ನ ಲೆಕ್ಕ ತಪ್ಪಿತ್ತು. ಬೇಸಿಗೆವರ್ಗೂ ಕಾದಿದ್ರೂ ಇದು ಸರಿಹೋಗ್ತಾ ಇರ್ಲಿಲ್ಲ.'

ಅವರು ನನ್ನನ್ನು ನೋಡಿದರು. 'ನಾನು ತೊಳ್ಕೊಂಡ ನೀರೇ ಬಾಗ್ಲನ್ನ ತಿಂತಾ?' ಎಂದು ಕೇಳಿದರು.

'ನೀರಲ್ಲ. ಇಳಿಜಾರು.'

'ಅದು ನನ್ ಮಗಂದು' ಎಂದರು ಅತ್ತೆ, ಬಹಳ ಸಮಾಧಾನದಿಂದ.

ಆಚಾರಿ ಆ ಸಂಜೆ ಮನೆಯ ಉಳಿದ ಮೂರು ಬಾಗಿಲುಗಳ ಬುಡಕ್ಕೂ ಸಣ್ಣ ಕನ್ನಡಿ ಹಿಡಿದು ನೋಡಿದರು. ನನ್ನ ಕೈಯಲ್ಲಿ ಉಳಿ ಕೊಟ್ಟು ನಾನೇ ಒತ್ತಿ ನೋಡುವಂತೆ ಮಾಡಿದರು. ಎಲ್ಲವೂ ಗಟ್ಟಿ. ಮುಂಬಾಗಿಲನ್ನು ಅಂಗೈಯಿಂದ ಎರಡು ಸಲ ಬಡಿದು, 'ಇದನ್ನ ಬದಲಾಯ್ಸ್ತೀನಿ ಅಂದೋರ್ನ ಮನೇಗೆ ಸೇರುಸ್ಬೇಡ' ಎಂದರು. ಕಿಟಕಿಗಳಲ್ಲಿ ಹೊಗೆ ಬಿಡುವ ಎರಡಕ್ಕೆ ಮಾತ್ರ ಹೊಸ ಕದ ಸಾಕೆಂದರು. ಲೋಬಾನದ ವಿಷಯ ಹೇಳಿದಾಗ ಎಲೆಯಡಿಕೆ ಉಗಿದು ಬಂದು, 'ಇದನ್ನ ನಾನೂ ಮಾಡ್ತೀನಿ, ಸಾಂಬ್ರಾಣಿ ಹಾಕಿ' ಎಂದರು. ಹಿಂಬಾಗಿಲನ್ನು ಉಳಿಸುವ ಮಾತನ್ನು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ. ಅದರ ದಿನ ಮುಗಿದಿತ್ತು.

ಅಂಗಡಿಯಿಂದ ಬಂದ ಗಂಡ ಚೌಕಟ್ಟಿನ ನಡುವೆ ನಿಂತು ಹಿತ್ತಿಲು ನೋಡಿದರು. 'ಬೇಸಿಗೆ ಅಂದಿದ್ಯಲ್ಲ?' ಎಂದರು.

'ನೀವು ಒಂದೇ ಸಲ ಎಲ್ಲಾ ಅಂದಿದ್ರಿ. ನಾನು ಬೇಸಿಗೆಗೆ ಅಂದಿದ್ದೆ. ಇಬ್ರುದ್ದೂ ತಪ್ಪು. ಒಂದೇ ಬಾಗ್ಲು, ಈಗ್ಲೇ.'

ಹೊಸ ಬಾಗಿಲು ಗುಬ್ಬಿಯಿಂದ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ಚೌಕಟ್ಟಿಗೆ ಹಳೆಯ ದಪ್ಪ ಪರದೆ ಕಟ್ಟಿದೆವು. ಇಳಿಜಾರು ಮಾಡಿಸಿದ ತಪ್ಪಿಗೆ ನಮ್ಮವರು ಅದರ ಮುಂದೆ ಮಂಚ ಎಳೆದುಕೊಂಡು ಕಾವಲು ಮಲಗಿದರು. ಒಂದು ಭಾನುವಾರ ಇಬ್ಬರು ಗಾರೆಯವರು ಬಂದು ಸಿಮೆಂಟನ್ನು ಕೆತ್ತಿ ನೀರನ್ನು ಸೀಬೆಮರದ ಕಡೆಗೆ ತಿರುಗಿಸಿದರು. ಆ ಹನ್ನೊಂದು ದಿನವೂ ಅತ್ತೆ ಮಂಚದ ಪಕ್ಕದಲ್ಲಿ ನುಸುಳಿ, ಪರದೆಯನ್ನು ಮೊಣಕೈಯಲ್ಲಿ ಸರಿಸಿ, ತಾವೇ ನಲ್ಲಿಗೆ ಹೋಗಿಬಂದರು. ಕೆಮ್ಮು ನಿಂತುಹೋಯಿತು. 'ಪರದೇನೇ ಇರ್ಲಿ ಬಿಡ್ರೋ' ಎಂದರು ಒಂದು ದಿನ. 'ಇಷ್ಟು ವರ್ಷ ಪರದೆ ನಾನು ಹಾಕ್ದೆ, ಇನ್ಮೇಲೆ ಮನೆ ಹಾಕ್ಕೊಳ್ಳಿ.'

ಬಾಗಿಲು ಬೇವಿನ ಮರದ್ದು. ಬುಡ ನೆಲಕ್ಕೆ ತಾಗದಂತೆ ಬೆರಳಗಲ ಎತ್ತರ ಬಿಟ್ಟು ಕೂರಿಸಿದರು. ಚಿಲಕದ ವಿಷಯವನ್ನು ಮಾತ್ರ ನಾನು ಬಿಡಲಿಲ್ಲ. ಅತ್ತೆಯನ್ನು ಬಾಗಿಲ ಮುಂದೆ ನಿಲ್ಲಿಸಿ, ಅವರ ಕೈ ತಾನಾಗಿ ಎಲ್ಲಿ ಬರುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸಿದೆ. ಆ ಗುರುತಿಗೆ ಸರಿಯಾಗಿ ಆಚಾರಿ ಉದ್ದನೆಯ ಮರದ ಅಗುಳಿ ಇಟ್ಟರು. ಬೆರಳಿನಿಂದ ಹಿಡಿಯುವುದೇ ಬೇಡ, ಅಂಗೈಯ ಪಕ್ಕದಿಂದ ತಳ್ಳಿದರೆ ಜಾರುತ್ತದೆ. ಅತ್ತೆ ಮೂರು ಸಲ ತಳ್ಳಿದರು, ಮೂರು ಸಲ ಎಳೆದರು. ಆಮೇಲೆ ಆಚಾರಿಗೆ ತಾವೇ ಟೀ ತಂದುಕೊಟ್ಟರು.

ಆಮೇಲಿನ ವರ್ಷಗಳಲ್ಲಿ ನಮ್ಮ ಗಲ್ಲಿಯಲ್ಲಿ ಎಷ್ಟೋ ಮನೆಗಳ ಬಾಗಿಲುಗಳು ಬದಲಾದವು. ಅಲ್ಯುಮಿನಿಯಂ ಬಂತು, ಸ್ಲೈಡಿಂಗ್ ಗಾಜು ಬಂತು. ಎರಡು ಸಾವಿರದ ನಂತರ ಒಂದು ವರ್ಷ ನಾವೂ ಬೀದಿ ಕಡೆಯ ಕಿಟಕಿಗೆ ಗಾಜು ಹಾಕಿಸಿದೆವು, ಏಕೆಂದರೆ ಆ ವರ್ಷ ಲೋಬಾನ ಅದರಲ್ಲೂ ಹೊರಗೆ ಬಂತು. ಯಾರಾದರೂ ಬಾಗಿಲು ಬದಲಾಯಿಸಬೇಕೋ ಬೇಡವೋ ಎಂದು ಕೇಳಲು ಬಂದರೆ ನಾನು ಎರಡೇ ಮಾತು ಕೇಳುತ್ತೇನೆ. ಬಗ್ಗಿ ಬುಡ ನೋಡಿದಿರಾ? ಅದನ್ನು ದಿನಾ ಮೊದಲು ತೆಗೆಯುವವರು ಯಾರು? ಉಳಿದದ್ದನ್ನು ಬಾಗಿಲೇ ಹೇಳುತ್ತದೆ.

ಹೊಸ ಬಾಗಿಲು ಕೂರಿಸಿದ ಮರುದಿನ ಬೆಳಗ್ಗೆ ನನಗೆ ಅಭ್ಯಾಸದಿಂದ ಎಚ್ಚರವಾಯಿತು. ಕೆಮ್ಮಿಗೆ ಕಾದೆ. ಬರಲಿಲ್ಲ. ಮರದ ಅಗುಳಿ ಜಾರಿದ ಸಣ್ಣ ಸದ್ದು, ನಲ್ಲಿಯ ನೀರು, ಚಪ್ಪಲಿ. ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆ ನನ್ನ ಕೋಣೆಯ ಮುಂದೆ ಬಂದು ನಿಂತಿತು.

'ಎದ್ದಿದೀಯ ಅಂತ ಗೊತ್ತು' ಎಂದರು ಅತ್ತೆ, ಕನ್ನಡದಲ್ಲಿ. 'ಬಾಗ್ಲು ತೆಗ್ದೆ. ಹೆದರ್ಬೇಡ, ಅಲ್ಲೇ ಇದೆ. ಮಲ್ಕೋ.'